ಹರಳೆಣ್ಣೆಯ ಆನೆಗಳು

ಕಳೆದ ವಾರ ನಮ್ಮೂರಿನ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಮಗಳಿಗೆ ರೇನ್‌ಕೋಟು ಕೊಳ್ಳಲು ನಿಂತಿದ್ದೆ. ಅಂಗಡಿಯವರು ಕವರ್ ಹರಿದು, ಮಡಿಕೆ ಬಿಡಿಸಿ, ಜೋರಾಗಿ ಕೊಡವಿದರು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಗಪ್ಪನೆ ಮೂಗಿಗೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಒಗರು, ಗಂಟಲಿನ ಹಿಂಬದಿಗೆ ಹೋಗಿ ಕೂರುವಂಥದ್ದು. ಮಗಳು "ಅವ್ವಾ, ಹೊಸಾ ವಾಸನೆ!" ಎಂದು ಅದನ್ನು ಮುಖಕ್ಕೆ ಒತ್ತಿಕೊಂಡಳು. ಹೊರಗೆ ಮಳೆ ಹನಿಯತೊಡಗಿತ್ತು. ಹಮಾಲರು ಮೂಟೆಗಳ ಮೇಲೆ ತಾಡಪಾಲು ಎಳೆಯುತ್ತಿದ್ದರು. ನಾನು ಮಾತ್ರ ಆ ಒಂದು ಉಸಿರಿನಲ್ಲಿ ಹರಿಹರದ ತಗಡಿನ ಶೆಡ್ಡಿಗೆ ಹೋಗಿ ನಿಂತುಬಿಟ್ಟಿದ್ದೆ. ನನ್ನ ಮೊದಲ ನೌಕರಿಯ ಮುಂಗಾರು ಅದು. ನಾನು ಇವತ್ತಿಗೂ ಋಣಿಯಾಗಿರುವ ಮೂವರನ್ನು ಆ ಒಂದೇ ಮಳೆಗಾಲ ನನಗೆ ಕೊಟ್ಟಿತು.

ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ನಿಟ್ಟುವಳ್ಳಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ದಿನಗಳು. ಅಪ್ಪ ಆಟೋ ಓಡಿಸುತ್ತಿದ್ದರು. ಒಮ್ಮೆ ಅವರ ಆಟೋ ಹತ್ತಿದವರೊಬ್ಬರು, ಹರಿಹರದ ಹತ್ತಿರ ಪ್ಲಾಸ್ಟಿಕ್ ಬೊಂಬೆ ಮಾಡುವ ಸಣ್ಣ ಕಾರ್ಖಾನೆಗೆ ಕೆಮಿಸ್ಟ್ರಿ ಓದಿದವರು ಬೇಕಾಗಿದ್ದಾರೆ ಎಂದರಂತೆ. "ಬೊಂಬೆ ಮಾಡಾಕೆ ಎಮ್ಮೆಸ್ಸಿ ಯಾಕ ಬೇಕು?" ಎಂದು ಅವ್ವ ನಕ್ಕಳು. ನನಗೂ ಅದೇ ಅನುಮಾನ. ಆದರೂ ಮರುದಿನ ಬಸ್ಸು ಹತ್ತಿ ಹೋದೆ.

ಕಾರ್ಖಾನೆಯ ಯಜಮಾನರು ಚನ್ನಬಸಪ್ಪನವರು. ಅರವತ್ತು ದಾಟಿದವರು, ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪಂಚೆ. ಅವರ ಮನೆತನದ್ದು ಮಂಡಿಪೇಟೆಯಲ್ಲಿ ತಲೆಮಾರುಗಳ ಎಣ್ಣೆ ವ್ಯಾಪಾರ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ, ಹರಳೆಣ್ಣೆ ಎಲ್ಲ ಡಬ್ಬಗಳಲ್ಲಿ ತೂಗಿ ಕೊಡುತ್ತಿದ್ದವರು. ಪ್ಯಾಕೆಟ್ ಎಣ್ಣೆ ಬಂದ ಮೇಲೆ ಅಂಗಡಿಗೆ ಜನ ಬರುವುದು ಕಡಿಮೆಯಾಯಿತು. ಆಗ ಯಾರದೋ ಸಲಹೆ ಕೇಳಿ ಹರಿಹರದಲ್ಲಿ ಈ ಶೆಡ್ಡು ಹಾಕಿದ್ದರು.

ಇಲ್ಲಿ ಆಗುತ್ತಿದ್ದದ್ದು ಒತ್ತಿದರೆ ಪೀಂ ಎನ್ನುವ ಮೆತ್ತನೆಯ ಬೊಂಬೆಗಳು. ಆನೆ, ಮೊಲ, ಬಾತುಕೋಳಿ. ಬಿಳಿ ಪುಡಿಗೆ ಎಣ್ಣೆಯಂಥ ಒಂದು ದ್ರವ ಬೆರೆಸಿ ದೋಸೆ ಹಿಟ್ಟಿನಂತೆ ಮಾಡಿ, ಲೋಹದ ಅಚ್ಚಿಗೆ ಹೊಯ್ದು, ಓವನ್ನಿಗೆ ಕೊಟ್ಟು, ಆಮೇಲೆ ನೀರಿಗೆ ಅದ್ದುತ್ತಿದ್ದರು. ಅಚ್ಚಿನ ಸಣ್ಣ ಬಾಯಿಂದ ಇಕ್ಕಳ ಹಾಕಿ ಎಳೆದರೆ ಮಡಚಿಕೊಂಡು ಬರುವ ಆನೆ, ಹೊರಬಂದ ಕೂಡಲೇ ಪಟಕ್ಕನೆ ಸೊಂಡಿಲು, ಕಿವಿ ಎಲ್ಲ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ನಗು ಬರುತ್ತಿತ್ತು. ಓವನ್ನಿನ ಮುಂದೆ ನಿಲ್ಲುತ್ತಿದ್ದವರು ರಫೀಕಣ್ಣ. ಅಚ್ಚಿನಿಂದ ಎಳೆಯುವುದು, ಅಂಚು ಕತ್ತರಿಸುವುದು, ಕಣ್ಣು ಬಾಯಿ ಬರೆಯುವುದು ಎಲ್ಲ ಹೆಣ್ಣುಮಕ್ಕಳ ಕೆಲಸ. ಹೆಚ್ಚಿನವರು ಹತ್ತಿರದ ಕಡರನಾಯಕನಹಳ್ಳಿಯವರು. ಅವರಿಗೆಲ್ಲ ಮುಂದಾಳು ಶಾಂತಕ್ಕ. ಆಕೆ ಬರೆದ ಆನೆಗಳ ಕಣ್ಣು ಯಾವಾಗಲೂ ಏನೋ ಕಿತಾಪತಿ ಮಾಡಿ ಬಂದಂತೆ ಕಾಣುತ್ತಿದ್ದವು.

ಎಂ.ಎಸ್ಸಿ. ಯಾಕೆ ಬೇಕಿತ್ತು ಎನ್ನುವುದು ಮೊದಲ ವಾರದಲ್ಲೇ ತಿಳಿಯಿತು. ಮಕ್ಕಳ ಆಟಿಕೆಗಳಿಗೆ ಸರ್ಕಾರದ ನಿಯಮ ಬಿಗಿಯಾಗಿತ್ತು. ಪರೀಕ್ಷೆಯಾಗದ ಬೊಂಬೆ ಬೇಡ ಎಂದು ಬೆಂಗಳೂರಿನ ದೊಡ್ಡ ಗಿರಾಕಿ ಖಡಾಖಂಡಿತ ಹೇಳಿದ್ದರು. ಯಜಮಾನರು ಪ್ರಯೋಗಾಲಯಕ್ಕೆ ಕಳಿಸಿದ್ದ ಬೊಂಬೆಗಳು ಫೇಲಾಗಿ ಬಂದಿದ್ದವು. ಯಾಕೆ ಎಂದು ಅವರಿಗೆ ಅರ್ಥವಾಗಿರಲಿಲ್ಲ. ವರದಿಯನ್ನು ನನ್ನ ಮುಂದಿಟ್ಟು, "ಇದ್ರಾಗ ಏನ್ ಬರ್ದಾರೋ ಒಂಚೂರು ನಂಗೂ ತಿಳಿಯಂಗೆ ಹೇಳವ್ವ" ಎಂದರು.

ಹೇಳಿದೆ. ಪಿವಿಸಿ ಎಂಬ ಈ ಪ್ಲಾಸ್ಟಿಕ್ಕು ಸ್ವಭಾವದಿಂದ ಬಿರುಸು; ನೀರಿನ ಪೈಪು ಅದರದೇ. ಅದನ್ನು ಮೆತ್ತಗೆ ಮಾಡುವುದು ನಾವು ಬೆರೆಸುವ ದ್ರವ. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಎಣ್ಣೆ ಎಂದೇ ಕರೆಯುತ್ತಿದ್ದರು; ಡ್ರಮ್ಮಿನ ಮೇಲೆ ಡಿಒಪಿ ಎಂದಿತ್ತು. ಥ್ಯಾಲೇಟ್ ಎಂಬ ಜಾತಿಯ ರಾಸಾಯನಿಕ. ಚಪಾತಿ ಹಿಟ್ಟಿಗೆ ಹಾಕಿದ ಎಣ್ಣೆ ಚಪಾತಿಯನ್ನು ಮೆತ್ತಗೆ ಇಡುತ್ತದೆ, ಆದರೆ ಹಿಡಿದ ಕೈಗೂ ಅಂಟುತ್ತದೆ. ಇದೂ ಹಾಗೆಯೇ; ಪ್ಲಾಸ್ಟಿಕ್ಕಿನ ಒಳಗೆ ಕಟ್ಟಿಹಾಕಿದಂತೆ ಇರುವುದಿಲ್ಲ, ನಿಧಾನವಾಗಿ ಹೊರಗೆ ಬರುತ್ತದೆ. ಕೂಸು ಬಾಯಿಗಿಟ್ಟು ಚೀಪಿದರೆ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಒಂದು ದಿನ ಚೀಪಿದರೆ ಏನೋ ಆಗಿಬಿಡುತ್ತದೆ ಎಂದಲ್ಲ. ಆದರೆ ಬೆಳೆಯುವ ಮಕ್ಕಳ ಹಾರ್ಮೋನುಗಳ ಕೆಲಸಕ್ಕೆ ಇದು ಅಡ್ಡ ಬರುತ್ತದೆ ಎಂಬ ಕಾರಣಕ್ಕೆ ಆಟಿಕೆಗಳಲ್ಲಿ ಬೇಡ ಎಂದಿದ್ದಾರೆ.

ಯಜಮಾನರು ವರದಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು. ಆಮೇಲೆ, "ಬ್ಯಾರೆ ಎಣ್ಣೆ ಐತಾ ನೋಡು" ಎಂದಷ್ಟೇ ಹೇಳಿ ಎದ್ದು ಹೋದರು.

ಅದಾದ ಮೇಲೆ ಬಂದದ್ದು ಕಾರಹುಣ್ಣಿಮೆ. ಶಾಂತಕ್ಕ ಹೋಳಿಗೆ ಊಟಕ್ಕೆ ಕರೆದಳು. ಕಡರನಾಯಕನಹಳ್ಳಿಯ ಅವಳ ಮನೆಯ ಮುಂದೆ ಎತ್ತುಗಳಿಗೆ ಬಣ್ಣ ಬಳಿಯುತ್ತಿದ್ದರು. ಒಳಗೆ ನಡುಮನೆಯಲ್ಲಿ ಚಾಪೆಯ ಮೇಲೆ ಅವಳ ಮೊಮ್ಮಗಳು ಅಂಗಾತ ಮಲಗಿ ಕಾಲು ಆಡಿಸುತ್ತಿತ್ತು. ಹಲ್ಲು ಬರುವ ವಯಸ್ಸು. ಎರಡೂ ಕೈಯಲ್ಲಿ ನಮ್ಮ ಆನೆಯನ್ನು ಹಿಡಿದು, ಅದರ ಕಿವಿಯನ್ನು ಒಸಡಿನಿಂದ ಜಗಿಯುತ್ತಿತ್ತು. ಅಚ್ಚಿನಲ್ಲಿ ಸರಿಯಾಗಿ ಮೂಡದ ಬೊಂಬೆಗಳನ್ನು ಹೆಂಗಸರು ಮನೆಗೆ ಒಯ್ಯುತ್ತಿದ್ದರು; ಯಜಮಾನರೇ ಪ್ರೀತಿಯಿಂದ ಕೊಡುತ್ತಿದ್ದರು. ಚಾಪೆಯ ಸುತ್ತ ಇನ್ನೂ ಒಂದಷ್ಟು ಬಿದ್ದಿದ್ದವು.

ಶಾಂತಕ್ಕ ಎಲೆ ಹಾಕಿ, ತುಪ್ಪದ ಬಟ್ಟಲು ಹಿಡಿದು ಬಂದಳು. "ಯಾಕ ವಿಜಯಾ, ಉಣ್ಣವಲ್ಲಿ?"

ಯಜಮಾನರಿಗೆ ಹೇಳಿದ್ದನ್ನೆಲ್ಲ ಆಕೆಗೂ ಹೇಳಿದೆ. ಎಷ್ಟು ಮೆಲ್ಲಗೆ ಹೇಳಬೇಕೆಂದುಕೊಂಡರೂ ಮಾತು ಮೆಲ್ಲಗಿರಲಿಲ್ಲ. ಶಾಂತಕ್ಕ ತುಪ್ಪದ ಬಟ್ಟಲು ಕೆಳಗಿಟ್ಟು, ಕೂಸಿನ ಬಾಯಿಂದ ಆನೆಯನ್ನು ಬಿಡಿಸಿದಳು. ಅದು ಚೀರಿ ಅಳತೊಡಗಿತು. ಸೊಂಟಕ್ಕೆ ಎತ್ತಿಕೊಂಡು, ಒಂದು ಗಜ್ಜರಿ ತೊಳೆದು ಅದರ ಕೈಗೆ ಕೊಟ್ಟು, ನನ್ನ ಕಡೆ ನೋಡದೆ ಕೇಳಿದಳು.

"ಯಜಮಾನ್ರಿಗೆ ಗೊತ್ತೈತಾ?"

"ಈಗ ಗೊತ್ತಾಗೇತಿ ಅಕ್ಕ. ನಾನೇ ಹೇಳೀನಿ."

"ನಮಗ್ಯಾಕ ಯಾರೂ ಹೇಳ್ಲಿಲ್ಲ?"

ಹಬ್ಬದ ದಿನ ಬರಿಗೈಲಿ ಕಳಿಸಬಾರದೆಂದು ಆಕೆ ಹೋಳಿಗೆಯನ್ನು ಡಬ್ಬಿಗೆ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನಾಳೆ ಈ ನೌಕರಿ ಇರುತ್ತದೋ ಇಲ್ಲವೋ ಎಂದು ಯೋಚಿಸುತ್ತ ಮನೆಗೆ ಬಂದೆ.

ಮರುದಿನ ಕೆಲಸ ಶುರುವಾಗುವ ಮುಂಚೆ ಶಾಂತಕ್ಕ ಯಜಮಾನರ ಮೇಜಿನ ಮುಂದೆ ಬಂದು ನಿಂತಳು. ಹಿಂದೆ ಉಳಿದ ಹೆಂಗಸರೆಲ್ಲ. ತಗಡಿನ ಮೇಲೆ ಮಳೆ ಹೊಯ್ಯುತ್ತಿತ್ತು. ಆಕೆ ಗಟ್ಟಿಯಾಗಿಯೇ ಮಾತಾಡಬೇಕಾಯಿತು.

"ಯಜಮಾನ್ರೇ, ನಾವು ಮಾಡೋ ಮಾಲು ನಮ್ಮ ಕೂಸಿಗೇ ಆಗಿಬರಂಗಿಲ್ಲ ಅಂದ್ರೆ, ಮಂದಿ ಕೂಸಿಗೆ ಹೆಂಗ್ ಆಗಿಬರ್ತೈತ್ರಿ?"

ಚನ್ನಬಸಪ್ಪನವರ ಮುಖ ಕೆಂಪಾಯಿತು. ಸಿಟ್ಟಿಗೆದ್ದರು ಎಂದೇ ನಾನು ಅಂದುಕೊಂಡೆ. ಆದರೆ ಅವರು ಕುರ್ಚಿಯಿಂದ ಎದ್ದು ನಿಂತರು. "ತಂಗಿ, ನಮ್ಮಪ್ಪನ ಅಂಗಡಿ ಹರಳೆಣ್ಣೆ ಒಯ್ದು ಹಡೆದ ಕೂಸಿನ ನೆತ್ತಿಗೆ ಹಾಕೋರು. ಊರಾಗ ಅಷ್ಟು ನಂಬಿಗಿ ಇತ್ತು. ನಾನು ಏನು ಮಾರಾಕತ್ತೀನಿ ಅನ್ನೋದು ನಂಗೇ ತಿಳೀಲಿಲ್ಲಲ್ಲ" ಎಂದರು. ಆಮೇಲೆ ಓವನ್ನಿನ ಕಡೆ ತಿರುಗಿ, "ರಫೀಕಾ, ಬೆಂಕಿ ಆರಿಸು" ಎಂದು ಕೂಗಿದರು.

ಓವನ್ನು ಆರಿತು. ಗೋದಾಮಿನಲ್ಲಿ ಹಳೆಯ ಬೊಂಬೆಗಳು ಚೀಲಗಟ್ಟಲೆ ಇದ್ದವು. ಅದೇ ವಾರ ಒಬ್ಬ ವ್ಯಾಪಾರಿ ಬಂದು, ಪರೀಕ್ಷೆ ಗಿರೀಕ್ಷೆ ಕೇಳದ ಊರುಗಳ ಸಂತೆಯಲ್ಲಿ ಮಾರುತ್ತೇನೆ, ಅಷ್ಟನ್ನೂ ಕೊಡಿ ಎಂದು ಕೂತ. "ಯಾರ್ ನೋಡ್ತಾರ್ರಿ ಸಾವ್ಕಾರ್ರೇ?" ಎಂದ. ಯಜಮಾನರು ಅವನಿಗೆ ಚಹಾ ಕುಡಿಸಿ, ಇಲ್ಲ ಎಂದು ಕಳಿಸಿದರು. ಆ ಬೊಂಬೆಗಳನ್ನೆಲ್ಲ ಪುಡಿ ಮಾಡಿಸಿ ಚಪ್ಪಲಿ ಅಟ್ಟೆ ಮಾಡುವವರಿಗೆ ಕೊಟ್ಟರು. ಹೆಂಗಸರೂ ಮನೆಯಲ್ಲಿದ್ದವನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ತಂದು ಆ ರಾಶಿಗೆ ಹಾಕಿದರು.

ಇನ್ನು ಬೇರೆ ಎಣ್ಣೆ ಹುಡುಕುವ ಕೆಲಸ. ಯಜಮಾನರಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಮಂಡಿಪೇಟೆಯಿಂದ ಅಪ್ಪಟ ಹರಳೆಣ್ಣೆಯ ಡಬ್ಬ ಹೊರಿಸಿಕೊಂಡು ಬಂದು ನನ್ನ ಮುಂದೆ ಇಡಿಸಿದರು. "ಕೂಸಿಗೆ ಕುಡಿಸೋ ಎಣ್ಣಿ. ಇದಕ್ಕಿಂತ ಚಲೋದು ಎಲ್ಲಿ ಸಿಗತೈತೆ? ಹಾಕು."

"ಹಂಗೇ ಹಾಕಿದ್ರೆ ಹೊಂದಂಗಿಲ್ರಿ ಯಜಮಾನ್ರೇ. ಪ್ಲಾಸ್ಟಿಕ್ಕು ಇದನ್ನ ಒಳಗೆ ಇಟ್ಕಳಲ್ಲ, ಹೊರಗೆ ತಳ್ಳಿಬಿಡ್ತೈತೆ."

"ನೋಡೋಣು ಬಾ."

ಮಾಡಿದೆವು. ಅಚ್ಚಿನಿಂದ ಬಂದ ಆನೆಗಳು ಮೊದಲಿಗೆ ಚೆನ್ನಾಗಿಯೇ ಕಂಡವು. ಶಾಂತಕ್ಕ ಕಣ್ಣು ಬರೆದಳು. ಯಜಮಾನರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಕೆಲವು ದಿನ ಕಳೆದು ನೋಡಿದರೆ ಕಪಾಟಿನಲ್ಲಿದ್ದ ಆನೆಗಳೆಲ್ಲ ಬೆವತಿದ್ದವು. ಮೈಮೇಲೆ ಎಣ್ಣೆಯ ಹನಿ, ಅದಕ್ಕೆ ಅಂಟಿದ ಧೂಳು. ಬರೆದ ಕಣ್ಣುಗಳು ಜಾರಿ ಕೆನ್ನೆಗೆ ಇಳಿದಿದ್ದವು. ಶಾಂತಕ್ಕ ಒಂದನ್ನು ಎತ್ತಿ ಹಿಡಿದು, "ಅಯ್ಯೋ, ಅಳಾಕತ್ತಾವಲ್ಲೇ ಇವು!" ಎಂದಾಗ ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ಪಂಚೆಯ ಅಂಚಿನಿಂದ ಆ ಆನೆಯ ಮುಖವನ್ನು ಒರೆಸುತ್ತ ನಿಂತಿದ್ದರು.

ಅಷ್ಟು ಹೊತ್ತಿಗೆ ಮಳೆ ಹಿಡಿದಿತ್ತು. ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ಅಚ್ಚು ತಿಕ್ಕುವ, ಶೆಡ್ಡು ತೊಳೆಯುವ ಕೆಲಸ ಮುಗಿದ ಮೇಲೆ ಹೆಂಗಸರಿಗೆ ಮಾಡಲು ಏನೂ ಉಳಿಯಲಿಲ್ಲ. ಶಾಂತಕ್ಕನೇ ಬಂದು ಹೇಳಿದಳು. "ಕಳೆ ತೆಗೆಯಾಕೆ ಹೋಕೀವ್ರಿ. ಓವನ್ ಹಚ್ಚಿದ ದಿನ ಹೇಳಿ ಕಳಸ್ರಿ, ಬರ್ತೀವಿ." ನನ್ನ ಹತ್ತಿರ ಬಂದು ಕೆನ್ನೆ ಸವರಿ, "ನೀ ಹೆದರಬ್ಯಾಡ. ಹೇಳಿದ್ದು ಚಲೋ ಆತು" ಎಂದಳು. ನಾನು ಬಾಯಿಬಿಟ್ಟ ಮಾತಿನಿಂದ ಆಕೆಯ ಕೆಲಸ ನಿಂತಿತ್ತು. ಆದರೂ ಸಮಾಧಾನ ಹೇಳಿದವಳು ಆಕೆಯೇ. ಅವರು ಹೋದ ಮೇಲೆ ಶೆಡ್ಡಿನಲ್ಲಿ ಉಳಿದದ್ದು ನಾನು, ರಫೀಕಣ್ಣ, ಮತ್ತು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಮಳೆ ನೋಡುವ ಯಜಮಾನರು.

ಹರಳೆಣ್ಣೆ ಹಾಗೇ ಹೊಂದದಿದ್ದರೂ, ಅದನ್ನೇ ರಾಸಾಯನಿಕವಾಗಿ ಮಾರ್ಪಡಿಸಿ ಪಿವಿಸಿಯ ಜೊತೆ ಬೆರೆಯುವಂತೆ ಮಾಡಿದ ದ್ರವವೊಂದಿದೆ ಎಂದು ಓದಿದ್ದೆ. ಫೋನು ಮಾಡಿ ಮಾಡಿ ಅದನ್ನು ಮಾರುವವರನ್ನು ಹುಡುಕಿದೆ. ಒಂದು ಕ್ಯಾನು ಸ್ಯಾಂಪಲ್ ಬಂತು. ನೀರಿನ ಹಾಗೆ ತಿಳಿಯಾಗಿತ್ತು, ವಾಸನೆಯೇ ಇರಲಿಲ್ಲ. ಯಜಮಾನರು ಅಂಗೈಗೆ ಒಂದು ಹನಿ ಹಾಕಿಕೊಂಡು ತಿಕ್ಕಿ ನೋಡಿ, "ಇದು ಹರಳೆಣ್ಣೆ ಅಂದ್ರೆ ನಮ್ಮಪ್ಪ ನಂಬ್ತಿರಲಿಲ್ಲ ಬಿಡು" ಎಂದರು.

ಮೊದಲ ಸಲ ಆನೆಗಳು ಅಚ್ಚಿನಿಂದ ಎಳೆಯುವಾಗಲೇ ಕಿವಿ ಹರಿದುಕೊಂಡವು. ಹಿಟ್ಟು ಒಳಗೆ ಪೂರ್ತಿ ಬೆಂದಿರಲಿಲ್ಲ. ಈ ದ್ರವಕ್ಕೆ ಕಾವು ಹೆಚ್ಚು ಬೇಕಿತ್ತು. ರಫೀಕಣ್ಣ ಕಾವು ಏರಿಸಿದರು. ಕಿವಿ ಗಟ್ಟಿ ನಿಂತವು, ಆದರೆ ಬಿಳಿಯ ಆನೆಗಳು ಅರಿಶಿನ ಹಚ್ಚಿದಂತೆ ಹಳದಿಯಾದವು. ಕಾವು ಇಳಿಸಿದರೆ ಹರಿಯುತ್ತವೆ, ಏರಿಸಿದರೆ ಹಳದಿ. ದಿನಗಳು ಹೀಗೇ ಹೋದವು. ಒಂದು ಮಧ್ಯಾಹ್ನ ನನಗೆ ಸಾಕಾಗಿ, ಮೇಜಿಗೆ ತಲೆಯಿಟ್ಟು ಕೂತೆ. ಇನ್ನು ಆಗುವುದಿಲ್ಲ, ಯಜಮಾನರಿಗೆ ಹೇಳಿಬಿಡೋಣ ಎಂದೆ.

ರಫೀಕಣ್ಣ ತಮ್ಮ ಬುತ್ತಿ ಬಿಚ್ಚಿ ಅರ್ಧ ನನ್ನ ಕಡೆ ತಳ್ಳಿದರು. "ಮೇಡಂ, ನಾ ಈ ಓವನ್ ಮುಂದೆ ನಿಂತು ಜಮಾನಾ ಆತು. ಇಷ್ಟು ವರ್ಷ ಯಾರೂ ನನ್ ಹತ್ರ ಕೂತು, ಯಾಕ ಹಿಂಗಾತು, ಯಾಕ ಹಂಗಾತು ಅಂತ ಮಾತಾಡಿದ್ದಿಲ್ಲ. ನೀವು ಹೇಳ್ತಾ ಹೋಗ್ರಿ, ನಾ ಮಾಡ್ತಾ ಹೋಕೀನಿ. ಪಹಲೇ ಊಟ ಮಾಡ್ರಿ, ಆಮೇಲೆ ಉಳಿದದ್ದು" ಎಂದರು. ಆ ರೊಟ್ಟಿ, ಆ ಪಲ್ಯದ ರುಚಿ ನನಗಿನ್ನೂ ನೆನಪಿದೆ.

ಊಟ ಮಾಡುತ್ತಲೇ ಯೋಚನೆ ಬಂತು. ಕಾವಿಗೆ ಪಿವಿಸಿ ಹಳದಿಯಾಗುವುದನ್ನು ತಡೆಯಲು ಸೋಯಾ ಎಣ್ಣೆಯಿಂದ ಮಾಡಿದ ಇನ್ನೊಂದು ದ್ರವವನ್ನು ಸ್ವಲ್ಪ ಸೇರಿಸುತ್ತಾರೆ ಎಂದು ಪಾಠದಲ್ಲಿ ಕೇಳಿದ್ದೆ. ಅದೂ ಗಿಡದ್ದೇ, ಮೆತ್ತಗೆ ಮಾಡುವುದೂ ಅದಕ್ಕೆ ಗೊತ್ತು. ಅದನ್ನೇ ಹೆಚ್ಚು ಹಾಕಿದರೆ ಬೊಂಬೆ ಮತ್ತೆ ಅಂಟಂಟಾಗುತ್ತದೆ, ಹಾಗಾಗಿ ಸ್ವಲ್ಪವೇ. ತರಿಸಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೋದೆ. ಒಂದು ದಿನ ರಫೀಕಣ್ಣ ಅಚ್ಚನ್ನು ನೀರಿಗೆ ಅದ್ದಿ, ಇಕ್ಕಳ ಹಾಕಿ ಎಳೆದರು. ಆನೆ ಪಟಕ್ಕನೆ ಬಿಚ್ಚಿಕೊಂಡಿತು. ಬಿಳಿಯ ಆನೆ. ನಾನು ಅದರ ಎರಡೂ ಕಿವಿ ಜಗ್ಗಿದೆ, ಸೊಂಡಿಲು ತಿರುಚಿದೆ. ಏನೂ ಆಗಲಿಲ್ಲ. ರಫೀಕಣ್ಣ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಆ ಆನೆಗಳನ್ನು ಬೆವರುತ್ತವೆಯೇ ಎಂದು ಕಪಾಟಿನಲ್ಲಿಟ್ಟು ಕಾದೆವು. ಬೆವರಲಿಲ್ಲ. ಪ್ರಯೋಗಾಲಯಕ್ಕೆ ಕಳಿಸಿ ಮತ್ತೆ ಕಾದೆವು. ಈ ಎಣ್ಣೆ ಹಳೆಯದಕ್ಕಿಂತ ದುಬಾರಿ ಎಂದು ಯಜಮಾನರಿಗೆ ಮೊದಲೇ ಹೇಳಿದ್ದೆ. "ಆನೆ ಒಂಚೂರು ಸಣ್ಣದು ಮಾಡೋಣು. ಕೂಸಿನ ಕೈಗೆ ಸಣ್ಣದೇ ಚಲೋ" ಎಂದು ಅವರು ಅದನ್ನು ಅಲ್ಲಿಗೇ ಮುಗಿಸಿದ್ದರು.

ವರದಿ ಬಂದದ್ದು ಶ್ರಾವಣದ ಒಂದು ಬೆಳಿಗ್ಗೆ. ಯಜಮಾನರು ಅದನ್ನು ನನ್ನ ಕೈಯಿಂದ ಓದಿಸಿಕೊಳ್ಳಲೂ ನಿಲ್ಲಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡು, "ನಡಿ, ಹೊಲಕ್ಕೆ ಹೋಗಾನ. ಅಲ್ಲೇ ಓದು, ಅವರೂ ಕೇಳ್ಲಿ" ಎಂದು ಅಂಗಿಯ ಜೇಬಿಗೆ ಒಂದು ಆನೆಯನ್ನು ತುರುಕಿಕೊಂಡು ಕಾರು ಹತ್ತಿದರು. ಕಡರನಾಯಕನಹಳ್ಳಿಯ ಆಚೆ, ಕಾಲುವೆ ದಾಟಿದ ಮೇಲೆ ದಾರಿ ಕೆಸರಾಗಿತ್ತು. ಕಾರು ಬಿಟ್ಟು, ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಅವರು ನಡೆದರು. ನಾನು ಹಿಂದೆ.

ಹೆಂಗಸರು ಮೆಕ್ಕೆಜೋಳದ ಸಾಲುಗಳ ನಡುವೆ ಕೂತು ಕಳೆ ತೆಗೆಯುತ್ತಿದ್ದರು. ಸೆರಗುಗಳ ಬಣ್ಣ ಮಾತ್ರ ಕಾಣುತ್ತಿತ್ತು. ಯಜಮಾನರು ಕೂಗಲಿಲ್ಲ. ಜೇಬಿನಿಂದ ಆನೆ ತೆಗೆದು ಒತ್ತಿದರು. ಪೀಂ. ಒಬ್ಬೊಬ್ಬರಾಗಿ ತಲೆಗಳು ಮೇಲೆದ್ದವು. ಶಾಂತಕ್ಕ ಕೈಯ ಮಣ್ಣು ಕೊಡವಿಕೊಳ್ಳುತ್ತ ಬದುವಿಗೆ ಬಂದಳು. ಉಳಿದವರೂ ಸುತ್ತ ನೆರೆದರು.

ನಾನು ವರದಿ ತೆರೆದು ಓದತೊಡಗಿದೆ. ಒಂದೊಂದು ಥ್ಯಾಲೇಟಿನ ಉದ್ದದ ಹೆಸರು, ಅದರ ಮುಂದೆ 'ಪತ್ತೆಯಾಗಿಲ್ಲ' ಎಂಬ ಮಾತು. ಎರಡನೆಯ ಹೆಸರಿಗೇ ಶಾಂತಕ್ಕ ತಡೆದಳು. "ಆ ಹೆಸ್ರೆಲ್ಲ ಬ್ಯಾಡ ಯವ್ವ. ಐತೋ ಇಲ್ಲೋ, ಅಷ್ಟ್ ಹೇಳು."

"ಇಲ್ಲ ಅಕ್ಕ."

"ಮುಂದಿಂದು?"

"ಅದೂ ಇಲ್ಲ."

ಮೂರನೆಯದಕ್ಕೆ ಹೆಂಗಸರೇ "ಇಲ್ಲ" ಎಂದರು. ಅಲ್ಲಿಂದ ಮುಂದೆ ನಾನು ಹೆಸರು ಹೇಳುವುದು, ಅವರೆಲ್ಲ ಸೇರಿ "ಇಲ್ಲ!" ಎಂದು ಕೂಗುವುದು. ಪಕ್ಕದ ಹೊಲದವರು ಕೆಲಸ ನಿಲ್ಲಿಸಿ ಇದೇನು ಎಂದು ನೋಡುತ್ತಿದ್ದರು. ಕೊನೆಯ ಹೆಸರಿಗೆ ಬರುವ ಹೊತ್ತಿಗೆ ನನಗೆ ಅಕ್ಷರ ಮಂಜಾಗಿ, ನಾನು ಹೆಸರು ಓದುವ ಮೊದಲೇ ಅವರು 'ಇಲ್ಲ' ಎಂದುಬಿಟ್ಟರು.

ಯಜಮಾನರು ಆನೆಯನ್ನು ಶಾಂತಕ್ಕನ ಮುಂದೆ ಹಿಡಿದರು. "ತಗಾ ತಂಗಿ. ನಿನ್ನ ಮೊಮ್ಮಗಳಿಗೆ."

ಆಕೆ ತೆಗೆದುಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೊದ್ಲು ನೀವು ಕಚ್ಚಿ ತೋರಸ್ರಿ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಚನ್ನಬಸಪ್ಪನವರು ಒಂದು ಗಳಿಗೆ ಆಕೆಯ ಮುಖ ನೋಡಿದರು. ಆಮೇಲೆ ಬದುವಿನ ಮೇಲೆ ಕೆಸರುಗಾಲಲ್ಲಿ ನಿಂತು, ಗಂಭೀರವಾಗಿ ಆನೆಯ ಕಿವಿಯನ್ನು ಬಾಯಿಗಿಟ್ಟು ಕಚ್ಚಿದರು. ಅದು ಪೀಂ ಎಂದಿತು. ಆಗ ಎದ್ದ ನಗುವಿಗೆ ಮೆಕ್ಕೆಜೋಳದೊಳಗಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಯಜಮಾನರೂ ನಗುತ್ತಿದ್ದರು, ನಗುತ್ತ ನಗುತ್ತ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಶಾಂತಕ್ಕ ಆನೆಯನ್ನು ಈಸಿಕೊಂಡು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು.

"ನಡೀರಿ ಮತ್ತ, ರಫೀಕ ಓವನ್ ಹಚ್ಚಿ ಕಾಯಾಕತ್ತಾನ" ಎಂದರು ಯಜಮಾನರು.

"ಹಿಡಿದ ಸಾಲು ಮುಗಿಸ್ಕೊಂಡು ಬರ್ತೀವ್ರಿ. ಹೊಲದವ್ರ ಕೂಲಿ ಉಂಡೀವಿ, ಅರ್ಧಕ್ಕೆ ಬಿಟ್ಟು ಬರಾಕಾಗ್ತೈತಾ?" ಎಂದು ಶಾಂತಕ್ಕ ಮತ್ತೆ ಸಾಲಿಗೆ ಇಳಿದಳು. ಉಳಿದವರೂ ಇಳಿದರು.

ಯಜಮಾನರು ಬದುವಿನ ಮೇಲೆ ವಸ್ತ್ರ ಹಾಸಿ ಕೂತರು. ನನಗೂ ಕೂರಲು ಜಾಗ ಮಾಡಿದರು. ಮೋಡ ಸರಿದು ಎಳೆ ಬಿಸಿಲು ಬಿದ್ದಿತ್ತು. ಒದ್ದೆ ಎಲೆಗಳ ನಡುವೆ ಆ ಸೆರಗುಗಳು ಮೆಲ್ಲಗೆ ದೂರ ಸರಿಯುತ್ತಿದ್ದವು. ಅವರು ಸಾಲಿನ ತುದಿ ಮುಟ್ಟುವವರೆಗೂ ನಾವಿಬ್ಬರೂ ಅಲ್ಲೇ ಕಾದೆವು.